ನಾರ್ಸರ ಉಗ್ರಾಣದ ಪಕ್ಕದ ಮನೆ

ತಬಿತಾ ತನ್ನ ನಾಲ್ಕು ಮಕ್ಕಳಲ್ಲಿ ಒಬ್ಬರಿಗೂ ಅಣ್ಣನ ಹೆಸರಿಡಲಿಲ್ಲ. ಇಡುವಂತಿರಲಿಲ್ಲ. ನಮ್ಮ ಗ್ರೀನ್‌ಲ್ಯಾಂಡಿನಲ್ಲಿ ಮನೆಯವರು ಯಾರಾದರೂ ತೀರಿಕೊಂಡರೆ ಆಮೇಲೆ ಹುಟ್ಟುವ ಕೂಸಿಗೆ ಅವರ ಹೆಸರು ಹೋಗುತ್ತದೆ, ಹೆಸರಿನ ಜೊತೆಗೆ ಅವರೂ ಬರುತ್ತಾರೆ. ಎಪ್ಪತ್ತರ ಮುದುಕ ತೊಟ್ಟಿಲ ಮೇಲೆ ಬಾಗಿ, 'ಅಮ್ಮಾ, ಹಸಿವಾಯ್ತಾ' ಎಂದು ಕೇಳಿದರೆ ಇಲ್ಲಿ ಯಾರೂ ನಗುವುದಿಲ್ಲ. ಆದರೆ ಹೆಸರು ಕೊಡಲು ಮನುಷ್ಯ ಸತ್ತಿರಬೇಕು. ತಬಿತಾಳ ಅಣ್ಣ ಎಸಾಯಸ್ ಸತ್ತಿರಲಿಲ್ಲ. ಅವನು ಬೆಟ್ಟ ಸೇರಿದ್ದ.

ಬೆಟ್ಟ ಸೇರುವುದೆಂದರೆ ಏನೆಂದು ನಮ್ಮ ಕಡೆಯ ಮಕ್ಕಳಿಗೆ ಹಾಲುಹಲ್ಲು ಬೀಳುವ ಮೊದಲೇ ಗೊತ್ತಿರುತ್ತದೆ. ನಾಲ್ಕು ಜನರ ಮುಂದೆ ಅವಮಾನವಾಗಿ, ಅದನ್ನು ನುಂಗಿಕೊಳ್ಳಲಾರದೆ, ಮನೆಮಠ ಬಿಟ್ಟು ಒಬ್ಬನೇ ಬೆಟ್ಟಕ್ಕೆ ನಡೆದವನು ಸಾಯುವುದಿಲ್ಲ. ಮನುಷ್ಯನಾಗಿಯೂ ಉಳಿಯುವುದಿಲ್ಲ. ಮೊದಲ ಕೆಲವು ದಿನ ಮನೆಯ ಸುತ್ತಲೇ ಸುಳಿದಾಡಿ, ತನ್ನನ್ನು ನೋಯಿಸಿದವರನ್ನು ಹೆಸರು ಹಿಡಿದು ಕೂಗುತ್ತಾನೆ. ಓಗೊಟ್ಟವರ ಕಥೆ ಮುಗಿಯಿತು. ಅದಕ್ಕೇ ಅವನನ್ನು ಹುಡುಕಿಕೊಂಡು ಹೋಗಬಾರದು, ಕೂಗು ಕೇಳಿದರೆ ಬಾಗಿಲು ಹಾಕಿಕೊಂಡು ದೇವರ ಹಾಡು ಹೇಳಬೇಕು. ಹುಡುಕಿ ಕರೆತಂದು ಕ್ಷಮೆ ಕೇಳುವುದಕ್ಕಿಂತ ಬಾಗಿಲು ಹಾಕಿಕೊಳ್ಳುವುದು ಸುಲಭ, ಅದಕ್ಕೇ ನಮ್ಮ ಹಿರಿಯರು ಈ ನಂಬಿಕೆಯನ್ನು ಇಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದರೇನೋ. ಈಗ ಹೀಗೆಂದು ಹೇಳುವುದು ಸುಲಭ. ಮಂಜು ಕವಿದ ದಿನ ಬೆಟ್ಟದ ಕಡೆಯಿಂದ ಶಿಳ್ಳೆ ಕೇಳಿದರೆ ಒಳಗೆ ಓಡಿ ಬರದವರು ನಮ್ಮಲ್ಲಿ ಯಾರೂ ಇಲ್ಲ.

ಎಸಾಯಸ್ ಹೋದಾಗ ಅವನಿಗೆ ಇಪ್ಪತ್ತೆರಡು, ತಬಿತಾಳಿಗೆ ಹದಿನೈದು. ತಾಯಿ ತೀರಿಹೋಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಅಪ್ಪ, ಅಣ್ಣ, ಅವಳು, ಮೂರೇ ಜನ. ಎಸಾಯಸ್‌ಗೆ ನೀರಿನ ಭಯವಿತ್ತು. ಒಮ್ಮೆ ಗಾಳಿಯಿಲ್ಲದ ದಿನ, ಬಿಸಿಲು ನೀರಿನ ಮೇಲೆ ಹೊಳೆಯುತ್ತಿದ್ದಾಗ, ತನ್ನ ಕಯಾಕ್ ದೋಣಿ ಕೆಳಗೆ ಕೆಳಗೆ ಇಳಿಯುತ್ತಿರುವಂತೆ ಅನಿಸಿ ಬೆವರಿ ನಡುಗಿ ದಡ ಸೇರಿದ್ದ. ಆಮೇಲೆ ಕಯಾಕ್ ಹತ್ತಲೇ ಇಲ್ಲ. ಕುರಿ ಸಾಕಣೆ ಬಂದಿದ್ದರಿಂದ ಬಚಾವಾದ, ಇಲ್ಲದಿದ್ದರೆ ಸೀಲ್ ಬೇಟೆಯಾಡಲಾರದ ಗಂಡಸಿಗೆ ಅವತ್ತು ಏನು ಬೆಲೆ?

ಸೆಪ್ಟೆಂಬರಿನಲ್ಲಿ, ಕುರಿಗಳನ್ನು ಬೆಟ್ಟದಿಂದ ಇಳಿಸಿ ಆದಮೇಲೆ, ಕೊಲ್ಲಿಯ ಆಚೆ ದಡದಿಂದ ಅಬೆಲ್‌ನ ಮನೆಯವರು ಕಾಫಿಗೆ ಬಂದರು. ಅಬೆಲ್ ಎಸಾಯಸ್‌ನ ಓರಗೆಯವನು, ಬಾಯಿ ಸುಮ್ಮನಿರದವನು. ಅಬೆಲ್‌ನ ತಂಗಿಯ ಮೇಲೆ ಎಸಾಯಸ್‌ಗೆ ಮನಸ್ಸಿತ್ತು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ.

"ಏನಪ್ಪಾ ಎಸಾಯಸ್, ಈ ವರ್ಷ ಎಷ್ಟು ಸೀಲ್ ಹೊಡೆದೆ?" ಎಂದು ಅಬೆಲ್ ಕೆಣಕಿದ.

ಕಾಫಿ ಬಗ್ಗಿಸುತ್ತಿದ್ದ ತಬಿತಾ ಅಣ್ಣನಿಗಿಂತ ಮೊದಲೇ ಉತ್ತರ ಕೊಟ್ಟಳು. "ಅವನೆಲ್ಲಿ ಸೀಲ್ ಹೊಡೀತಾನೆ? ಮುಖ ತೊಳೆಯೋ ಬೋಗುಣಿ ಕಂಡ್ರೇನೇ ಕಣ್ಣು ಮುಚ್ಕೊಂಡ್‌ಬಿಡ್ತಾನೆ."

ಮನೆ ತುಂಬ ನಗು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಬೆಲ್‌ನ ತಂಗಿ. ಎಸಾಯಸ್ ಕೂಡ ನಕ್ಕ. ಕಾಫಿ ಮುಗಿಸಿ, ಬಟ್ಟಲನ್ನು ತಟ್ಟೆಯ ಮೇಲಿಟ್ಟು ಹೊರಗೆ ಹೋದ. ಊಟಕ್ಕೆ ಬರಲಿಲ್ಲ. ಅಷ್ಟರಲ್ಲಿ ಕೊಲ್ಲಿಯಿಂದ ಮಂಜು ಎದ್ದು ಅಂಗಳದವರೆಗೂ ಬಂದಿತ್ತು.

ಮಾರನೆಯ ದಿನ ಮಧ್ಯಾಹ್ನ ಕೂಗು ಕೇಳಿಸಿತು. ಮನೆಯ ಹತ್ತಿರದ ದಿಬ್ಬದ ಮೇಲಿದ್ದ ನಾರ್ಸರ ಹಾಳುಮನೆಗಳ ಕಡೆಯಿಂದ. ನಡುನಡುವೆ ಕಲ್ಲು ಕುಟ್ಟಿದ ಹಾಗೆ ಸದ್ದು, ಆಮೇಲೆ ಮತ್ತೆ ಕೂಗು. ಅಪ್ಪ ಎದ್ದು ಕಿಟಕಿ ಮುಚ್ಚಿದ, ಬಾಗಿಲಿಗೆ ಅಗುಳಿ ಹಾಕಿದ, ಹಲಗೆಯ ಮೇಲಿಂದ ದೇವರ ಹಾಡಿನ ಪುಸ್ತಕ ಇಳಿಸಿದ.

"ಹಾಡು, ತಬಿತಾ."

"ನನ್ನ ಹೆಸರು ಹಿಡಿದು ಕರೀತಿದಾನಪ್ಪಾ."

"ಅದಕ್ಕೇ ಹಾಡು ಅಂದಿದ್ದು."

ಹಾಡಿದರು. ಅಪ್ಪನ ದನಿ ನಡುಗುತ್ತಿತ್ತು, ಆದರೂ ಬಿಡಲಿಲ್ಲ. ಅವತ್ತು ಹಾಡಿದರು, ಮರುದಿನ ಹಾಡಿದರು. ಮೂರನೆಯ ದಿನ ಕೂಗು ಕ್ಷೀಣವಾಯಿತು, ನಾಲ್ಕನೆಯ ದಿನ ನಿಂತಿತು. ಮಂಜು ಕರಗಿದ ಮೇಲೆ ನೋಡಿದರೆ ಹಾಳುಮನೆಗಳ ಮೇಲೆ ಕಾಗೆಗಳು ಸುತ್ತುತ್ತಿದ್ದವು. "ಅಲ್ಲೇ ಬಿಡಾರ ಮಾಡ್ಕೊಂಡಿದಾನೆ. ಆ ಕಡೆ ಕಾಲಿಡಬೇಡ" ಎಂದ ಅಪ್ಪ. ಮನೆಯ ಹಾರೆ ಕಾಣಿಸದಿದ್ದಾಗ, ಅದನ್ನೂ ಅವನೇ ಒಯ್ದಿದ್ದಾನೆ ಎಂದ. ಬೆಟ್ಟ ಸೇರುವವನಿಗೆ ಹಾರೆ ಏಕೆ ಬೇಕು ಎಂದು ಯಾರೂ ಯೋಚಿಸಲಿಲ್ಲ. ಯೋಚನೆ ಮಾಡುವವರು ಹಾಡುತ್ತಾ ಕೂರುವುದಿಲ್ಲ.

ಆ ಹಾಳುಮನೆಗಳ ವಿಷಯ ಒಂದು ಮಾತು ಹೇಳಬೇಕು. ಆರುನೂರು ವರ್ಷದ ಹಿಂದೆ ಕಡಲಾಚೆಯಿಂದ ಬಂದ ನಾರ್ಸ್ ಜನ ಇಲ್ಲಿ ದನ ಕಟ್ಟಿಕೊಂಡು, ಹುಲ್ಲು ಕೊಯ್ದುಕೊಂಡು ಬಾಳಿದರು, ಆಮೇಲೆ ಇಲ್ಲವಾದರು. ಸತ್ತರೋ, ಹಡಗು ಹತ್ತಿದರೋ, ಹೇಳಿ ಹೋದವರಿಲ್ಲ. ಅವರ ಮನೆ, ಕೊಟ್ಟಿಗೆ, ಉಗ್ರಾಣದ ಗೋಡೆಗಳು ನಮ್ಮ ಕೊಲ್ಲಿಯ ಉದ್ದಕ್ಕೂ ನಿಂತಿವೆ. ನಾವು ಅವನ್ನು ಪೂಜೆ ಮಾಡಲಿಲ್ಲ. ಕುರಿ ಕೊಟ್ಟಿಗೆ ಕಟ್ಟಬೇಕಾದಾಗ ಅಲ್ಲಿಂದಲೇ ಕಲ್ಲು ಎತ್ತಿಕೊಂಡು ಬಂದೆವು. ತಬಿತಾಳ ಅಪ್ಪನ ಕೊಟ್ಟಿಗೆಯ ಅರ್ಧ ಗೋಡೆ ನಾರ್ಸರದ್ದೇ. ಆದರೆ ಎಸಾಯಸ್ ಹೋದ ಮೇಲೆ ಆ ದಿಬ್ಬದಿಂದ ಯಾರೂ ಒಂದು ಕಲ್ಲನ್ನೂ ತರಲಿಲ್ಲ. ಕುರಿಗಳನ್ನು ಕೂಡ ಬಿಡಲಿಲ್ಲ. ಮನೆಯಿಂದ ಮುನ್ನೂರು ಹೆಜ್ಜೆ ದೂರದಲ್ಲಿ ಹುಲ್ಲು ಸೊಂಟದೆತ್ತರ ಬೆಳೆದು ಒಣಗಿ ಮಲಗುತ್ತಿತ್ತು.

ತಬಿತಾ ಬೆಳೆದಳು, ಮದುವೆಯಾದಳು, ಗಂಡ ಅದೇ ಮನೆಗೆ ಬಂದು ಕುರಿ ನೋಡಿಕೊಂಡ. ಅಪ್ಪ ಸತ್ತ, ಕೊನೆಗೆ ಗಂಡನೂ ಸತ್ತ. ಅವಳು ಅಳೆದು ತೂಗಿ ಮಾತಾಡುವ ಹೆಂಗಸಾದಳು. ಯಾರನ್ನೂ ಗೇಲಿ ಮಾಡಲಿಲ್ಲ. ಯಾರಾದರೂ ಇನ್ನೊಬ್ಬರನ್ನು ಆಡಿಕೊಂಡು ನಕ್ಕರೆ ಎದ್ದು ಒಳಗೆ ಹೋಗುತ್ತಿದ್ದಳು. ಪ್ರತಿ ಸೆಪ್ಟೆಂಬರಿನಲ್ಲಿ ಅಂಗಳದ ಕೊನೆಯ ಬಂಡೆಯ ಮೇಲೆ ಒಂದು ಹಿಡಿ ಒಣಮೀನು ಇಡುತ್ತಿದ್ದಳು. ನರಿ ತಿನ್ನುತ್ತದೆ ಎಂದು ಅವಳಿಗೂ ಗೊತ್ತಿತ್ತು. ಮಗು ಹುಟ್ಟಿದಾಗಲೆಲ್ಲ ಪಾದ್ರಿ ಹೆಸರು ಕೇಳಿದರೆ, ಬೇರೆ ಯಾರದ್ದೋ ಸತ್ತವರ ಹೆಸರು ಹೇಳುತ್ತಿದ್ದಳು. ಅಣ್ಣನಿಗೆ ಈಗ ಮೂವತ್ತು, ಈಗ ಐವತ್ತು ಎಂದು ಬೆಟ್ಟ ನೋಡುತ್ತಾ ಲೆಕ್ಕ ಹಾಕುತ್ತಿದ್ದಳು. ಒಂದು ಮಾತಿನಿಂದ ಅಣ್ಣನನ್ನು ಮನುಷ್ಯರಿಂದ ಹೊರಗೆ ಹಾಕಿದೆ ಎಂಬ ನೋವು ಅವಳನ್ನು ಒಂದು ದಿನವೂ ಬಿಡಲಿಲ್ಲ.

ಐವತ್ತಮೂರು ವರ್ಷ ಹೀಗೆ ಹೋದಮೇಲೆ ಡೆನ್ಮಾರ್ಕಿನಿಂದ ಬೆರಿಟ್ ಎಂಬ ಪುರಾತತ್ವ ತಜ್ಞೆ ನಾಲ್ಕು ಜನರನ್ನು ಕಟ್ಟಿಕೊಂಡು ಆ ದಿಬ್ಬವನ್ನು ಅಗೆಯಲು ಬಂದಳು. ತಬಿತಾಳ ಕಿರಿಯ ಮಗಳು ಪಿಪಾಲುಕ್ ಅವರಿಗೆ ದುಭಾಷಿಯಾದಳು. ಅವಳು ಆಗ ಐದು ತಿಂಗಳ ಬಸುರಿ. ತಬಿತಾ ಅಗೆಯುವವರಿಗೆ ಅಡುಗೆ ಮಾಡಿ ಹಾಕಲು ಒಪ್ಪಿದಳು. ಮನೆ ಬಿಟ್ಟು ಅತ್ತ ಮಾತ್ರ ಹೋಗಲಿಲ್ಲ. ಕುರಿಮಾಂಸಕ್ಕೆ ಅಕ್ಕಿ, ಈರುಳ್ಳಿ ಹಾಕಿ ಬೇಯಿಸಿದ ಸಾರಿನ ವಾಸನೆಗೆ ಎಪ್ಪತ್ತು ದಾಟಿದ ಅಬೆಲ್ ಕೂಡ ಕೊಲ್ಲಿ ದಾಟಿ ಮೋಟಾರು ದೋಣಿಯಲ್ಲಿ ಬಂದು ಕೂರುತ್ತಿದ್ದ.

ಬೆರಿಟ್ ಕಂಡದ್ದಕ್ಕೆಲ್ಲ ಕಣ್ಣರಳಿಸುವವಳು. ಬಳಪದ ಕಲ್ಲಿನ ಪಾತ್ರೆಯ ಚೂರು, ಮೂರೇ ಹಲ್ಲು ಉಳಿದ ಮೂಳೆಯ ಬಾಚಣಿಗೆ, ಕೊಟ್ಟಿಗೆಯಲ್ಲಿ ದನಗಳ ನಡುವೆ ಅಡ್ಡ ನಿಲ್ಲಿಸುತ್ತಿದ್ದ ಚಪ್ಪಡಿಗಳು, ಎಲ್ಲವನ್ನೂ ಮಗುವಿನಂತೆ ಕರೆದು ಕರೆದು ತೋರಿಸುತ್ತಿದ್ದಳು. ತಬಿತಾಳ ಅಡುಗೆಮನೆಯ ಬಾಗಿಲಿಗೆ ಒತ್ತಿಟ್ಟಿದ್ದ ತೂತಿನ ಕಲ್ಲನ್ನೂ ಬಿಡಲಿಲ್ಲ.

"ಇದು ನಾರ್ಸರ ಮಗ್ಗದ್ದಂತಮ್ಮಾ," ಎಂದಳು ಪಿಪಾಲುಕ್. "ನೂಲು ಬಿಗಿಯಾಗಿರಲಿ ಅಂತ ಕೆಳಗೆ ಕಟ್ತಿದ್ರಂತೆ."

"ನಮ್ಮಮ್ಮ ಬಲೆಗೆ ಕಟ್ತಿದ್ಲು. ನಾನು ಬಾಗಿಲಿಗೆ ಇಟ್ಟಿದೀನಿ. ಬೇಕಾದ್ರೆ ತಗೊಂಡು ಹೋಗ್ಲಿ, ಬದಲಿಗೆ ಬೇರೆ ಕಲ್ಲು ತಂದಿಡ್ಲಿ."

ಆದರೆ ಬೆರಿಟ್‌ಗೆ ಒಂದು ವಿಷಯ ಅರ್ಥವಾಗಿರಲಿಲ್ಲ. ಕೊಲ್ಲಿಯ ಬೇರೆಲ್ಲ ಹಾಳುಮನೆಗಳಿಂದ ಜನ ಕಲ್ಲು ಕಿತ್ತಿದ್ದಾರೆ, ಇದೊಂದು ಹೇಗೆ ಉಳಿಯಿತು? ಪಿಪಾಲುಕ್ ನಕ್ಕು, "ನಮ್ಮ ಮಾವ ಅಲ್ಲಿ ಇರ್ತಾರೆ, ಅದಕ್ಕೆ" ಎಂದಳು.

"ಹುಷಾರು," ಎಂದ ಅಬೆಲ್, ಸಾರು ಸುರಿದುಕೊಳ್ಳುತ್ತಾ. "ಅವನು ಈಗ ಮುದುಕ ಆಗಿರ್ತಾನೆ. ನಿಮ್ಮ ಡೇರೆ ಹತ್ರ ಬಂದು ಕಾಲು ನೋವಿನ ಮಾತ್ರೆ ಕೇಳಿದ್ರೂ ಕೇಳ್ದ."

ತಬಿತಾ ಎದ್ದು ಒಳಗೆ ಹೋದಳು. ಅಬೆಲ್ ಚಮಚ ನೆಕ್ಕಿದ.

ಮೂರನೆಯ ವಾರ ಉಗ್ರಾಣದ ಸರದಿ ಬಂತು. ಮಾಂಸ ಒಣಗಲು ಗಾಳಿಯಾಡಲಿ ಎಂದು ನಾರ್ಸರು ದಿಬ್ಬದ ತುದಿಯಲ್ಲಿ ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿ ಕಟ್ಟಿದ ಕೋಣೆ ಅದು. ನೆಲ ಆಳವಾಗಿತ್ತು, ಉತ್ತರದ ಗೋಡೆ ಇಡಿಯಾಗಿ ಒಳಕ್ಕೆ ಬಿದ್ದಿತ್ತು. ಅವತ್ತು ಹನ್ನೊಂದು ಗಂಟೆಗೆ ಪಿಪಾಲುಕ್ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಇಳಿದು ಬಂದಳು.

"ಅಮ್ಮಾ, ಬಾ."

"ಸಾರು ಒಲೆ ಮೇಲಿದೆ."

"ಆರಿಸು. ಬಾ."

ಐವತ್ತಮೂರು ವರ್ಷದಲ್ಲಿ ಮೊದಲ ಬಾರಿಗೆ ತಬಿತಾ ಆ ಮುನ್ನೂರು ಹೆಜ್ಜೆ ನಡೆದಳು. ಎತ್ತಿಟ್ಟ ಕಲ್ಲುಗಳ ಕೆಳಗೆ ಮೂಳೆಗಳಿದ್ದವು. ಕಾಲಲ್ಲಿ ರಬ್ಬರ್ ಬೂಟು. ಪಕ್ಕದಲ್ಲಿ ಸುತ್ತಿದ ಹಗ್ಗದ ಕೊಳೆತ ಎಳೆಗಳು. ಕೈಮೂಳೆಯ ಹತ್ತಿರ ತುಕ್ಕು ಹಿಡಿದ ಹಾರೆ, ಅದರ ಬುಡದಲ್ಲಿ ಅಪ್ಪ ಕೊರೆಸಿದ್ದ ಎರಡು ಗೀರು.

"ಇದು ನಮ್ಮದು," ಎಂದಳು ತಬಿತಾ. "ಹಾರೆ ನಮ್ಮದು."

ಆಗ ಅವಳಿಗೆ ಅಪ್ಪನ ಮಾತು ನೆನಪಾಯಿತು. ಅತಿಥಿಗಳು ಬಂದ ದಿನ ಬೆಳಗ್ಗೆ, ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅಪ್ಪ ಹೇಳಿದ್ದ, ಹೊಸ್ತಿಲಿಗೆ ಒಂದು ಚಪ್ಪಟೆ ಕಲ್ಲು ಬೇಕು, ಸಂಜೆಯೊಳಗೆ ತಂದು ಹಾಕು ಎಂದು. ಎಸಾಯಸ್ ಹೂಂ ಅಂದಿದ್ದ. ಕಾಫಿ ಮುಗಿಸಿ ಅವನು ಕಲ್ಲು ತರಲು ಹೋಗಿದ್ದ. ಸಿಟ್ಟು ಮಾಡಿಕೊಂಡು ಬೆಟ್ಟಕ್ಕೆ ಹೋಗಿರಲಿಲ್ಲ. ಅವಳ ಮಾತಿಗೆ ನಕ್ಕಿದ್ದನಲ್ಲ, ಆ ನಗು ನಿಜವಾದ ನಗುವೇ ಇರಬೇಕು. ತಬಿತಾಳಿಗೆ ಎದೆಯ ಮೇಲಿನ ಬಂಡೆ ಸರಿದಂತಾಯಿತು. ಅಲ್ಲೇ ಕುಕ್ಕರಿಸಿ ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಾ ನಕ್ಕಳು. ನನ್ನ ಮಾತು ಅವನನ್ನು ಕೊಲ್ಲಲಿಲ್ಲ ಎಂದು ಮಗಳ ಕೈ ಹಿಡಿದು ಹೇಳಿದಳು.

ಬೆರಿಟ್ ಮೊಣಕಾಲೂರಿ ಕೂತಳು. ಆಮೇಲೆ ಕೈಮೂಳೆಯ ಹತ್ತಿರದ ಚಪ್ಪಡಿಯನ್ನು ಕರಣೆಯ ತುದಿಯಿಂದ ತೋರಿಸಿ, ಪಿಪಾಲುಕ್‌ಗೆ ಏನೋ ಹೇಳಿದಳು. ಕಲ್ಲಿನ ಮೇಲೆ ಬೆಳ್ಳಗೆ ಸಣ್ಣ ಸಣ್ಣ ಗುಳಿಗಳಿದ್ದವು. ಹತ್ತಿಪ್ಪತ್ತಲ್ಲ, ನೂರಾರು.

"ಇವು ನಾರ್ಸರ ಕಾಲದ್ದಲ್ವಂತೆ," ಎಂದಳು ಪಿಪಾಲುಕ್. "ಕಾಲಿನ ಮೇಲೆ ಗೋಡೆ ಬಿದ್ದಿದೆ, ಕೈ ಆಡ್ತಾ ಇತ್ತು. ಮಲಗಿದ ಕಡೆಯಿಂದಲೇ ಹಾರೆಯಲ್ಲಿ ಕುಟ್ಟಿದಾರೆ. ತುಂಬಾ ಹೊತ್ತು. ಒಂದು ದಿನಕ್ಕಿಂತ ಜಾಸ್ತಿ ಅನ್ಸುತ್ತಂತೆ." ಬೆರಿಟ್ ಕಡೆ ತಿರುಗಿ ಕೇಳಿಸಿಕೊಂಡಳು. "ಮನೆ ಇಷ್ಟು ಹತ್ರ ಇದೆಯಲ್ಲ, ಯಾರಿಗೂ ಕೇಳಿಸ್ಲಿಲ್ವಾ ಅಂತ ಕೇಳ್ತಿದಾಳೆ."

ತಬಿತಾ ಮನೆಯ ಕಡೆ ನೋಡಿದಳು. ಅಡುಗೆಮನೆಯ ಕಿಟಕಿಯಲ್ಲಿ ತಾನು ಒಣಗಹಾಕಿದ್ದ ಬಟ್ಟೆಯ ನೀಲಿ ಅಂಚು ಕೂಡ ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು.

"ಗಾಳಿ ಇತ್ತು," ಎಂದಳು.

ಪಟ್ಟಣದಿಂದ ಪೊಲೀಸರು ದೋಣಿಯಲ್ಲಿ ಬಂದು ಮೂಳೆಗಳನ್ನು ಒಯ್ದರು, ತಿಂಗಳಾದ ಮೇಲೆ ಪೆಟ್ಟಿಗೆಯಲ್ಲಿಟ್ಟು ವಾಪಸು ತಂದರು. ಚರ್ಚಿನ ಅಂಗಳದಲ್ಲಿ ಮಣ್ಣು ಮಾಡುವಾಗ ಪಾದ್ರಿ ಹಾಡು ಶುರುಮಾಡಿದ. ಅಪ್ಪ ಅವತ್ತು ಹಾಡಿಸಿದ್ದೂ ಅದೇ ಹಾಡು. ತಬಿತಾ ಬಾಯಿ ತೆರೆಯಲಿಲ್ಲ. ಮುದುಕಿಗೆ ದುಃಖ ಹೆಚ್ಚಾಗಿದೆ ಎಂದುಕೊಂಡರು.

ಬೆರಿಟ್‌ನ ಡೇರೆಗಳು ಹೋದವು, ಮೊದಲ ಹಿಮ ಬಿತ್ತು. ತಬಿತಾಳಿಗೆ ನೆಮ್ಮದಿಯಿಲ್ಲ. ಐವತ್ತಮೂರು ವರ್ಷದಿಂದ ಆ ಕೂಗು ಅವಳ ತಲೆಯಲ್ಲಿತ್ತು. ಬೆಟ್ಟ ಸೇರಿದವನೊಬ್ಬ ತಂಗಿಯನ್ನು ಒಯ್ಯಲು ಬಂದು ಕೂಗಿದ ಕೂಗು ಎಂದುಕೊಂಡಾಗ ಅದು ಭಯವಾಗಿತ್ತು, ಭಯದ ಜೊತೆ ಬಾಳುವುದು ಅವಳಿಗೆ ರೂಢಿಯಾಗಿತ್ತು. ಈಗಲೂ ಅದೇ ಕೂಗು, ಅದೇ ದನಿ. ಆದರೆ ಕಾಲು ಸಿಕ್ಕಿಕೊಂಡವನು, ಬಾಯಾರಿದವನು, ಅಪ್ಪನನ್ನು ಕರೆಯದೆ ಅವಳನ್ನು ಕರೆದಿದ್ದಾನೆ. ಅವಳು ಬರುತ್ತಾಳೆ ಎಂದು ಕರೆದಿದ್ದಾನೆ. ಮುಚ್ಚಿದ ಮನೆಯಿಂದ ಹಾಡಿನ ದನಿ ಅವನಿಗೆ ಕೇಳಿಸಿರಬೇಕು. ಕೆಟಲಿನ ನೀರು ಕುದಿಯುವಾಗ, ಕುರಿ ಕೆಮ್ಮಿದಾಗ, ಹಿಮದ ಮೇಲೆ ಯಾರೋ ನಡೆದಾಗ ಅವಳು ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಕಿಟಕಿಗಳನ್ನು ಮುಚ್ಚಲು ಬಿಡುತ್ತಿರಲಿಲ್ಲ. ಅಳಿಯ ಚಳಿಯೆಂದು ಮುಚ್ಚಿದರೆ ಹೋಗಿ ತೆರೆಯುತ್ತಿದ್ದಳು.

"ಇನ್ನೇನಮ್ಮಾ," ಎಂದಳು ಪಿಪಾಲುಕ್ ಒಂದು ದಿನ, ಬಟ್ಟೆ ಮಡಿಸುತ್ತಾ. "ಹೆಸರಿಗೆ ಬಿಡುಗಡೆ ಆಯ್ತಲ್ಲ. ಈ ಕೂಸಿಗೆ ಮಾವನ ಹೆಸರೇ ಇಡ್ತೀನಿ."

"ಬೇಡ."

"ಯಾಕೆ? ಹೆಣ್ಣಾದ್ರೂ ಅದೇ ಹೆಸರು. ನಮ್ಮಲ್ಲಿ ಯಾರು ಅದನ್ನೆಲ್ಲ ನೋಡ್ತಾರೆ? ಅಷ್ಟು ವರ್ಷ ಹೊರಗಿದ್ದವರು ಮನೆಗೆ ಬರ್ಲಿ."

"ಬೇಡ ಅಂದೆನಲ್ಲ. ಬೇರೆ ಹೆಸರು ನೋಡು."

ಮೂರು ಸಲ ಕೇಳಿದಳು, ಮೂರು ಸಲವೂ ಇದೇ ಉತ್ತರ. ಕಾರಣ ಕೇಳಿದರೆ ತಬಿತಾ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದಳು. ಹೆಸರು ಕೊಟ್ಟರೆ ಅವನು ಬರುತ್ತಾನೆ, ಬಂದು ತನ್ನ ಮುಖ ನೋಡುತ್ತಾನೆ ಎಂದು ಮಗಳಿಗೆ ಹೇಗೆ ಹೇಳುವುದು? ಕೊಡದಿದ್ದರೆ ಅವನು ಇನ್ನೂ ಹೊರಗೇ. ಎರಡನೆಯ ಸಲವೂ ಬಾಗಿಲು ಹಾಕಿದವಳು ತಾನೇ ಆಗುತ್ತಾಳೆ. ಎರಡೂ ಅವಳಿಗೆ ತಿಳಿದಿತ್ತು, ಎರಡರಲ್ಲಿ ಒಂದನ್ನು ಆರಿಸುವ ಧೈರ್ಯ ಇರಲಿಲ್ಲ.

ಡಿಸೆಂಬರಿನಲ್ಲಿ ಪಟ್ಟಣದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಚರ್ಚಿನ ಪುಸ್ತಕದಲ್ಲಿ ಏನೋ ಚಂದದ ಹೆಸರು ಬರೆಸಿದರು. ಮನೆಯಲ್ಲಿ ಕರೆಯುವ ಹೆಸರು ಎಸಾಯಸ್ ಎಂದು ಪಿಪಾಲುಕ್ ತಾಯಿಯನ್ನು ಕೇಳದೆಯೇ ಎಲ್ಲರಿಗೂ ಹೇಳಿಬಿಟ್ಟಳು. ಕೂಸನ್ನು ನೋಡಲು ಕೊಲ್ಲಿಯ ಎರಡೂ ದಡದವರು ಕಾಫಿಗೆ ಬಂದರು. ಬೂಟುಗಳು ಹೊಸ್ತಿಲ ಹೊರಗೆ ರಾಶಿ ಬಿದ್ದವು. ಒಬ್ಬೊಬ್ಬರೇ ಕೂಸನ್ನು ಎತ್ತಿಕೊಂಡು, ಎಸಾಯಸ್‌ಗೆ ತಾವು ಏನಾಗಬೇಕು ಎಂದು ಹೇಳಿ ಪರಿಚಯ ಮಾಡಿಕೊಂಡರು. ನಾನು ನಿನ್ನ ಚಿಕ್ಕಪ್ಪನ ಮಗ, ನಿನ್ನ ಕಾಲದಲ್ಲಿ ನಾನಿನ್ನೂ ಹುಟ್ಟಿರಲಿಲ್ಲ ಎಂದ ಒಬ್ಬ. ಅಬೆಲ್, "ನಾನಪ್ಪಾ, ಅಬೆಲ್. ಹಲ್ಲೆಲ್ಲ ಹೋಗಿದೆ, ಗುರುತು ಸಿಗ್ಲಿಲ್ವಾ?" ಎಂದ. ಜನ ನಕ್ಕರು.

ತಬಿತಾ ಅಡುಗೆಮನೆಯಲ್ಲಿ ಕೇಕು ಕೊಯ್ಯುತ್ತಿದ್ದಳು. ಎಷ್ಟು ಕೊಯ್ದರೂ ಮುಗಿಯುತ್ತಿರಲಿಲ್ಲ.

"ಅಮ್ಮಾ, ನೀನೊಬ್ಳೇ ಬಾಕಿ," ಎಂದು ಪಿಪಾಲುಕ್ ಬಂದು ಚಾಕು ಕಿತ್ತಿಟ್ಟು, ಕೈ ಹಿಡಿದು ಕರೆತಂದು, ಕುರ್ಚಿಯಲ್ಲಿ ಕೂರಿಸಿ, ಕೂಸನ್ನು ತೊಡೆಯ ಮೇಲೆ ಮಲಗಿಸಿದಳು.

ಕೂಸು ಕಣ್ಣು ಬಿಟ್ಟುಕೊಂಡಿತ್ತು. ಎಳೆಯ ಕೂಸುಗಳು ನೋಡುವ ಹಾಗೆ, ಮಿಟುಕಿಸದೆ, ನೇರವಾಗಿ ಅವಳನ್ನೇ ನೋಡಿತು. ಎಲ್ಲರೂ ಕಾದರು. ತಬಿತಾ ಕೂಸಿನ ಬಟ್ಟೆ ಸರಿಮಾಡಿದಳು. ತಂಗಿ ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಅಷ್ಟು ಹೇಳಿದರೆ ಸಾಕಾಗಿತ್ತು, ಜನ ಕಣ್ಣೊರೆಸಿಕೊಂಡು ಕಾಫಿ ಕುಡಿಯುತ್ತಿದ್ದರು.

"ಅಣ್ಣಾ," ಎಂದಳು. "ನಾನು ತಬಿತಾ. ನಿನ್ನ ತಂಗಿ." ಕೂಸನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ನೀನು ಕೂಗಿದ್ದು ನಂಗೆ ಕೇಳಿಸ್ತು. ಗಾಳಿ ಇರ್ಲಿಲ್ಲ, ಸುಳ್ಳು ಹೇಳ್ದೆ. ಮಂಜಿತ್ತು, ಎಲ್ಲಾ ಕೇಳಿಸ್ತಿತ್ತು. ನೀನು ಕುಟ್ಟಿದ್ದೂ ಕೇಳಿಸ್ತು. ಮೂರು ದಿನ ನೀನು ಕರೆದೆ. ನಾನು ಬರ್ಲಿಲ್ಲ. ಬಾಗಿಲು ಹಾಕ್ಕೊಂಡು ಹಾಡ್ತಾ ಕೂತಿದ್ದೆ."

ಪಿಪಾಲುಕ್ ಗೋಡೆ ಹಿಡಿದು ನಿಂತಿದ್ದಳು. ಕೂಸು ಬಾಯಿ ಅಗಲಿಸಿ ಆಕಳಿಸಿತು, ಮತ್ತೆ ಅವಳನ್ನೇ ನೋಡಿತು. ಮನೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡದೆ ತಮ್ಮ ತಮ್ಮ ಬಟ್ಟಲು ನೋಡುತ್ತಿದ್ದರು.

ಕಿಟಕಿಯ ಪಕ್ಕ ಕೂತಿದ್ದ ಅಬೆಲ್ ಬಟ್ಟಲನ್ನು ಕೆಳಗಿಟ್ಟ. ಕೊಲ್ಲಿಯ ಆಚೆ ದಡದಲ್ಲಿ ಅವನ ಮನೆಯ ದೀಪ ಕಾಣುತ್ತಿತ್ತು. ಅವನು ಅದನ್ನು ನೋಡುತ್ತಲೇ ಮಾತಾಡಿದ.

"ಆ ದಡಕ್ಕೂ ಕೇಳಿಸ್ತು, ತಬಿತಾ. ನನ್ನ ತಂಗಿ ದೋಣಿ ತಗೊಂಡು ಹೊರಟಿದ್ಲು. ನಾನೇ ಹಿಡಿದು ಒಳಗೆ ಕೂರಿಸ್ದೆ. ನಾವೂ ಹಾಡಿದ್ವಿ."